ಗಾಳಿಯಲ್ಲಿ ಬಿಗಿದ ಬೋಲ್ಟು

ಗಾಡಿ ರಬಾಳೆಯ ನನ್ನ ಗ್ಯಾರೇಜಿನ ಗೇಟು ದಾಟಿ ಒಳಗೆ ಬಂದಾಗ ನನ್ನ ಕಣ್ಣು ಮೊದಲು ಹೋದದ್ದು ಅದರ ಹಿಂದಿನ ಗಾಜಿನ ಮೇಲಿದ್ದ ಸ್ಟಿಕ್ಕರಿಗೆ. ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿರುವ ಒಂದು ದೊಡ್ಡ ಗ್ಯಾರೇಜಿನ ಸ್ಟಿಕ್ಕರ್ ಅದು. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ದಿನ ಮಾತ್ರ ಒಳಗೊಳಗೇ ಹಿಗ್ಗಿದೆ. ಅಲ್ಲಿ ರಿಪೇರಿಯಾದ ಗಾಡಿ ನನ್ನ ಹತ್ತಿರ ಬಂದಿದೆಯೆಂದರೆ ಅಲ್ಲಿ ಯಾರೋ ಏನೋ ಕೆಡಿಸಿದ್ದಾರೆ ಎಂದಾಯಿತು.

ಗಾಡಿಯಿಂದ ಇಳಿದವರು ಹಿಟ್ಟಿನಕ್ಕ. ಕೋಪರಖೈರಣೆಯ ಒಂದು ನೆಲಮಾಳಿಗೆಯಲ್ಲಿ ದೊಡ್ಡ ಗ್ರೈಂಡರುಗಳನ್ನಿಟ್ಟು ಇಡ್ಲಿ ಹಿಟ್ಟು ರುಬ್ಬಿ, ಡೊಂಬಿವಲಿ, ಕಲ್ಯಾಣದ ನಮ್ಮವರ ಹೋಟೆಲುಗಳಿಗೆ ಒದಗಿಸುವವರು. ಉಡುಪಿ ಕಡೆಯವರು, ನನಗಿಂತ ಹಿರಿಯರು. ಏಳು ಸೀಟಿನ ಗಾಡಿಯ ಹಿಂದಿನ ಸೀಟುಗಳನ್ನೆಲ್ಲ ತೆಗೆಸಿ, ಸ್ಟೀಲ್ ಡಬ್ಬಗಳನ್ನು ಸಾಲಾಗಿ ನಿಲ್ಲಿಸಿಕೊಂಡು ತಾವೇ ಓಡಿಸುತ್ತಾರೆ. ಹೆಸರು ಕೇಳಿ ಗೊತ್ತಿತ್ತೇ ಹೊರತು ನನ್ನ ಗ್ಯಾರೇಜಿಗೆ ಅವರು ಬಂದದ್ದು ಅದೇ ಮೊದಲು.

"ಗುಂಡಿ ಬಂದ್ರೆ ಸಾಕು ಮಾರಾಯ್ರೆ, ಹಿಂದಿಂದ ಯಾರೋ ಒದ್ದ ಹಾಗೆ ಆಗ್ತದೆ," ಎಂದರು. "ನನ್ನ ಸೊಂಟ ಹೋದ್ರೆ ಹೋಗ್ಲಿ. ಹಿಟ್ಟು ಕೂತು ಹೋಗ್ತದಲ್ಲ, ಅದಕ್ಕೆ ಎಂತ ಮಾಡುದು?"

ಹೋಟೆಲಿನ ಮನೆಯಲ್ಲಿ ಹುಟ್ಟಿದ ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಟ್ಟು ರಾತ್ರಿಯೆಲ್ಲ ಅವರಲ್ಲೇ ಹುಳಿ ಬಂದು ಉಬ್ಬಿ, ಬೆಳಗಾಗುವ ಮೊದಲು ಹೊರಡುತ್ತದೆ. ಹೋಟೆಲು ತಲುಪಿದ ಕೂಡಲೇ ತಟ್ಟೆಗೆ ಹೊಯ್ಯುತ್ತಾರೆ. ಮತ್ತೆ ಉಬ್ಬಲಿ ಎಂದು ಕಾಯಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ದಾರಿಯಲ್ಲಿ ಎತ್ತಿ ಕುಕ್ಕಿದರೆ ಒಳಗಿನ ಗಾಳಿ ಹೊರಟುಹೋಗಿ ಹಿಟ್ಟು ಇಳಿಯುತ್ತದೆ. ಆಮೇಲೆ ಬೆಂದದ್ದನ್ನು ಇಡ್ಲಿ ಎನ್ನಬೇಕೋ ರೊಟ್ಟಿ ಎನ್ನಬೇಕೋ ತಿಳಿಯುವುದಿಲ್ಲ.

ಕಲ್ಯಾಣದ ಹೋಟೆಲಿನ ಹಿರಿಯ ಮಾಲೀಕರೊಬ್ಬರು ಅಕ್ಕನ ಅತಿ ದೊಡ್ಡ ಗಿರಾಕಿ. ಉಳಿದ ಹೋಟೆಲಿನವರು ಅವರು ಹಿಡಿದದ್ದನ್ನು ಹಿಡಿಯುತ್ತಾರೆ, ಬಿಟ್ಟದ್ದನ್ನು ಬಿಡುತ್ತಾರೆ. ಅವರು ಎರಡು ಸಲ ಡಬ್ಬ ವಾಪಸು ಕಳಿಸಿದ್ದರು. ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದೂ ಹೇಳಿದ್ದರು.

"ಗಾಡಿ ಮೊದಲು ಹೀಗಿರ್ಲಿಲ್ಲ," ಅಕ್ಕ ಮುಂದುವರಿಸಿದರು. "ಹಿಂದೆ ಕಿರಕಿರ ಸದ್ದು ಬರ್ತಿತ್ತು ಅಂತ ಥಾಣೆಗೆ ಕೊಟ್ಟೆ. ಶಾಕರ್ ಹೊಸತು, ಬುಶ್ ಹೊಸತು ಅಂದ್ರು. ಸದ್ದು ಹೋಯ್ತು, ಈ ಒದೆತ ಬಂತು. ಎರಡು ಸಲ ತಿರುಗಿ ಹೋದೆ. ಮೊದಲನೇ ಸಲ, ಹೊಸ ಶಾಕರ್ ಅಲ್ವಾ, ಮೆತ್ತಗಾಗ್ಲಿಕ್ಕೆ ಟೈಮ್ ಬೇಕು ಅಂದ ಅದರ ಮಾಲೀಕ. ಎರಡನೇ ಸಲ ಎಂತ ಹೇಳಿದ ಗೊತ್ತುಂಟಾ? ನಿಮ್ಮ ಹಿಟ್ಟಲ್ಲೇ ದಮ್ಮಿಲ್ಲ ಅಕ್ಕ, ಗಾಡಿಗೆ ಯಾಕೆ ಬಯ್ತೀರಿ ಅಂತ. ಅಷ್ಟೇ ಆಗಿದ್ರೆ ಬಿಡ್ತಿದ್ದೆ. ಕಲ್ಯಾಣದವರ ಕಿವಿಯಲ್ಲೂ ಊದಿದ್ದಾನೆ. ನಾನು ಹಳೇ ಉದ್ದು ಹಾಕಿ ಸೋಡಾ ಹಾಕಿ ಉಬ್ಬಿಸ್ತೇನಂತೆ!"

ಮಾತು ಕೇಳುತ್ತಿದ್ದಂತೆ ನನಗೆ ಕಿವಿ ಬಿಸಿಯಾಯಿತು. ಅವನ ವರಸೆ ಅದೇ. ತನ್ನ ಕೈ ತಪ್ಪಿದರೆ ಎದುರಿನವನ ಹೆಸರಿಗೆ ಮಸಿ.

ಆ ದೊಡ್ಡ ಗ್ಯಾರೇಜಿನ ಮಾಲೀಕನೂ ನಾನೂ ಒಂದು ಕಾಲದಲ್ಲಿ ಪಾಲುದಾರರು. ನಮ್ಮೂರ ಕಡೆಯವನೇ, ನನಗಿಂತ ದೊಡ್ಡವನು, ಕೆಲಸ ಕಲಿಸಿದವನು. ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಬೇರೆಯಾದದ್ದಕ್ಕೆ ನನಗೆ ಸಿಟ್ಟಿಲ್ಲ. ಆ ವರ್ಷ ಡೊಂಬಿವಲಿಯಲ್ಲಿ ನಮ್ಮವರ ಸಂಘದ ಪೂಜೆಯಲ್ಲಿ ಊಟಕ್ಕೆ ಕೂತಾಗ ಅವನು ಪಕ್ಕದ ಎಲೆಯವರಿಗೆ ಒಂದು ಮಾತು ಹೇಳಿದ: "ಅವ ಹಳೇ ಶಾಕರಿಗೆ ಬಣ್ಣ ಹೊಡೆದು ಹೊಸತು ಅಂತ ಹಾಕ್ತಾನೆ. ಅದಕ್ಕೇ ನಾನು ಬಿಟ್ಟದ್ದು." ಪಂಕ್ತಿಯ ಆ ತುದಿಯಲ್ಲಿ ಹೇಳಿದ್ದು ಪಾಯಸ ಬರುವ ಹೊತ್ತಿಗೆ ಈ ತುದಿಯಲ್ಲಿ ಕೂತಿದ್ದ ನನ್ನ ಕಿವಿಗೇ ಬಂತು. ಎಲೆ ಬಿಟ್ಟು ಏಳಬಾರದೆಂದು ಪಾಯಸ ಉಂಡು ಎದ್ದೆ. ಅಂದಿನಿಂದ ನಮ್ಮವರ ಒಂದೇ ಒಂದು ಗಾಡಿ ನನ್ನಲ್ಲಿಗೆ ಬರಲಿಲ್ಲ. ಮರಾಠಿಯವರು ಬಂದರು, ಕಂಪನಿ ಗಾಡಿಗಳು ಬಂದವು, ಊಟಕ್ಕೇನೂ ಕಡಿಮೆಯಾಗಲಿಲ್ಲ. ಆದರೆ ಮದುವೆ ಮುಂಜಿಗಳಲ್ಲಿ ನಮ್ಮವರು ನನ್ನೊಡನೆ ಮಳೆಯ ವಿಷಯ ಮಾತಾಡುತ್ತಿದ್ದರು, ಲೋಕಲ್ ಟ್ರೈನಿನ ವಿಷಯ ಮಾತಾಡುತ್ತಿದ್ದರು, ಗಾಡಿಯ ವಿಷಯ ಮಾತ್ರ ಯಾರೂ ತೆಗೆಯುತ್ತಿರಲಿಲ್ಲ. ಆ ಹೆಸರು ನನಗೆ ವಾಪಸು ಬೇಕಿತ್ತು. ಅದೂ ಅವನ ಬಾಯಿಂದಲೇ ಬೇಕಿತ್ತು.

"ಗಾಡಿ ಬಿಟ್ಟು ಹೋಗಿ ಅಕ್ಕ," ಎಂದೆ. "ನಾಳೆಗೆ ಅವನ ಬಣ್ಣ ಬಯಲು ಮಾಡ್ತೇನೆ."

ದುಡುಕಿ ಆಡಿದ ಮಾತು. ಗಾಡಿಯನ್ನು ಇನ್ನೂ ಮುಟ್ಟಿರಲೇ ಇಲ್ಲ. ಹಳೆಯ ಶಾಕರಿಗೆ, ಅಂದರೆ ಶಾಕ್ ಅಬ್ಸಾರ್ಬರಿಗೆ, ಬಣ್ಣ ಹೊಡೆದು ಹಾಕಿದವನು ಅವನೇ ಇರಬೇಕು, ತಾನು ಮಾಡುವುದನ್ನೇ ನನ್ನ ತಲೆಗೆ ಕಟ್ಟಿದ್ದಾನೆ ಎಂದು ನನ್ನ ಮನಸ್ಸು ಆಗಲೇ ತೀರ್ಪು ಬರೆದಾಗಿತ್ತು.

ಮೊದಲು ಗಾಡಿ ಓಡಿಸಿ ನೋಡಬೇಕು. ಒಂದು ಡಬ್ಬ ಉಬ್ಬಿದ ಹಿಟ್ಟನ್ನು ಅಕ್ಕನಿಂದ ತರಿಸಿಕೊಂಡು ಹಿಂದೆ ಇಟ್ಟೆ. ಎಂಜಿನ್ ಆಯಿಲ್ ನೋಡುವ ಹಾಗೆ ಹಿಡಿಸೂಡಿಯ, ಅಂದರೆ ಪೊರಕೆಯ, ಒಂದು ಕಡ್ಡಿಯನ್ನು ಹಿಟ್ಟಿನಲ್ಲಿ ಇಳಿಸಿ, ಎಲ್ಲಿಯವರೆಗೆ ಹತ್ತಿತೋ ಅಲ್ಲಿ ಗುರುತು ಮಾಡಿಕೊಂಡೆ. ಮಹಾಪೆಯವರೆಗೆ ಹೋಗಿ ತಿರುಗಿ ಬಂದೆ. ಸಣ್ಣ ತಗ್ಗಿನಲ್ಲೂ ಹಿಂಭಾಗ ಪುಟಿಯುತ್ತಿತ್ತು, ಸ್ಪೀಡ್ ಬ್ರೇಕರಿನ ಮೇಲೆ ಡಬ್ಬ ನೆಲ ಬಿಟ್ಟು ಎದ್ದಿತು. ವಾಪಸು ಬಂದು ಕಡ್ಡಿ ಇಳಿಸಿದರೆ ಹಿಟ್ಟು ಎರಡು ಬೆರಳು ಕೆಳಗೆ. ಅಕ್ಕ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಹಿಂದಿನ ಟೈರುಗಳಲ್ಲಿ ಗಾಳಿ ಬೇಕಾದ್ದಕ್ಕಿಂತ ಹೆಚ್ಚು ತುಂಬಿತ್ತು. ಇಳಿಸಿದೆ. ಕಡ್ಡಿಯ ಲೆಕ್ಕದಲ್ಲಿ ಒಂದು ಕೂದಲೆಳೆಯಷ್ಟು ವ್ಯತ್ಯಾಸ. ಅದು ರೋಗವಲ್ಲ. ಆಮೇಲೆ ಇದ್ದ ಆಸೆಯೆಲ್ಲ ಒಟ್ಟುಗೂಡಿಸಿಕೊಂಡು ಶಾಕರ್ ಬಿಚ್ಚಿದೆ. ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿ ಒತ್ತಿದರೆ ಒಂದೇ ಸಮನಾಗಿ ಇಳಿಯುತ್ತದೆ, ಬಿಟ್ಟರೆ ಒಂದೇ ಸಮನಾಗಿ ಏರುತ್ತದೆ. ನಂಬಲಿಲ್ಲ. ಬ್ಲೇಡಿನಿಂದ ಬಣ್ಣ ಕೆರೆದೆ. ಕೆಳಗೆ ಹಳೆಯ ಬಣ್ಣವೂ ಇಲ್ಲ, ತುಕ್ಕೂ ಇಲ್ಲ. ಎರಡನ್ನೂ ಕೆರೆದು ಕೆರೆದು ಬೆಳ್ಳಗೆ ಮಾಡಿದೆ. ನನ್ನ ಮಿಸ್ತ್ರಿ, ಕಲವಾ ಊರಿನ ಮರಾಠಿಯವರು, ಪಕ್ಕದಲ್ಲಿ ನಿಂತು ನೋಡುತ್ತಿದ್ದವರು ಕಡೆಗೆ ತಡೆಯಲಾರದೆ, "ಸೇಠ್, ಮಾಲ್ ತೋ ನಯಾ ಹೈ. ಕಿತ್ನಾ ಘಿಸೋಗೇ?" ಎಂದರು. ಮಾಲು ಹೊಸತೇ, ಇನ್ನೆಷ್ಟು ಕೆರೆಯುತ್ತೀರಿ ಎಂದು.

ಅವನು ಕಳ್ಳನಾಗಿರಲಿಲ್ಲ. ನನಗೆ ಅಂದು ಆದಷ್ಟು ಬೇಸರ ಗಿರಾಕಿ ಜಗಳ ಮಾಡಿ ಹೋದಾಗಲೂ ಆದದ್ದಿಲ್ಲ.

ಅಕ್ಕನಿಗೆ ಫೋನ್ ಮಾಡಿ ಇನ್ನೂ ಸ್ವಲ್ಪ ಸಮಯ ಬೇಕು ಎಂದೆ. ಅವರು ಬಣ್ಣದ ವಿಷಯ ಕೇಳಲಿಲ್ಲ, ಕೇಳಿದ್ದರೆ ನಾಚಿಕೆಯಾಗುತ್ತಿತ್ತು. "ಟೆಂಪೋ ಮಾಡ್ಕೊಂಡು ಕಳಿಸ್ತಿದ್ದೇನೆ, ಅದರಲ್ಲೂ ಹಿಟ್ಟು ಸರಿ ಮುಟ್ಟುದಿಲ್ಲ. ಬೇಗ ನೋಡಿ ಮಾರಾಯ್ರೆ," ಎಂದಷ್ಟೇ ಹೇಳಿದರು.

ಇನ್ನು ಸ್ಪ್ರಿಂಗು. ಹೆಚ್ಚು ಭಾರ ಹೊರುವ ಬೇರೆ ಮಾಡೆಲಿನ ಗಟ್ಟಿ ಸ್ಪ್ರಿಂಗ್ ತುರುಕಿರಬಹುದು ಎಂದು ತಂತಿಯ ದಪ್ಪ ಅಳೆದೆ, ಸುತ್ತು ಎಣಿಸಿದೆ. ಅದೇ ಗಾಡಿಯದು. ಶಾಕರಿನ ತಲೆಯ ರಬ್ಬರ್ ಮೌಂಟುಗಳನ್ನು ನನ್ನ ಕೈಯಿಂದಲೇ ಬದಲಿಸಿ ನೋಡಿದೆ. ಕಡ್ಡಿ ಮತ್ತೆ ಎರಡು ಬೆರಳು ಕೆಳಗೆ. ಅದು ವಿದ್ಯೆಯಲ್ಲ, ಹಠ. ಕಾರಣ ತಿಳಿಯದೆ ಸಾಮಾನು ಬದಲಿಸುವವರನ್ನು ನಾನೇ ಆಡಿಕೊಳ್ಳುವವನು.

ಬುದ್ಧಿ ಬಂದದ್ದು ಬಂಪ್ ಸ್ಟಾಪ್ ನೋಡಿದಾಗ. ಹಳ್ಳಕ್ಕೆ ಬಿದ್ದ ಗಾಡಿ ಪೂರಾ ಕುಸಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯದಿರಲೆಂದು ಇಟ್ಟ ರಬ್ಬರಿನ ಉಂಡೆ ಅದು. ಭಾರ ಹೊತ್ತು ದಿನವೂ ಓಡಾಡುವ ಗಾಡಿಯಲ್ಲಿ ಅದರ ತುದಿ ಉಜ್ಜಿ ಹೊಳೆಯುತ್ತಿರಬೇಕು. ಇಲ್ಲಿ ಅದರ ಮೇಲೆ ಧೂಳು ಹಾಗೆಯೇ ಕೂತಿತ್ತು. ಬೆರಳಿನಲ್ಲಿ ಗೆರೆ ಎಳೆಯಬಹುದಾದಷ್ಟು ಧೂಳು. ಅಂದರೆ ಗಾಡಿ ಕೆಳಗೆ ಕುಸಿದು ಬಡಿಯುತ್ತಿಲ್ಲ, ಕುಸಿಯುವುದಕ್ಕೇ ಒಪ್ಪುತ್ತಿಲ್ಲ. ಅದನ್ನು ಏನೋ ಹಿಡಿದು ನಿಲ್ಲಿಸಿದೆ. ಶಾಕರ್ ಅಲ್ಲ, ಸ್ಪ್ರಿಂಗ್ ಅಲ್ಲ ಎಂದ ಮೇಲೆ ಉಳಿದದ್ದು ಬುಶ್.

ಬುಶ್ ಎಂದರೆ ಒಂದರೊಳಗೊಂದು ಇಟ್ಟ ಎರಡು ಕಬ್ಬಿಣದ ಕೊಳವೆ, ನಡುವೆ ಅಂಟಿಸಿದ ರಬ್ಬರ್. ಹಿಂದಿನ ಆಕ್ಸಲ್ಲಿನ ತೋಳು ಗಾಡಿಯ ಮೈಗೆ ಸೇರುವುದು ಅದರ ಮೂಲಕ. ಚಕ್ರ ಮೇಲೆ ಕೆಳಗೆ ಆಡುವಾಗ ಆ ರಬ್ಬರ್ ಅತ್ತಿತ್ತ ತಿರುಚಿಕೊಂಡು ಸುಮ್ಮನಾಗುತ್ತದೆ. ಗಾಡಿಯ ಅಡಿಗೆ ಇಳಿದು ಕೆಲಸ ಮಾಡಲು ಗ್ಯಾರೇಜಿನಲ್ಲಿ ತೋಡಿದ ಗುಂಡಿಯ ಮೇಲೆ ಅದನ್ನು ನಿಲ್ಲಿಸಿ, ಗುಂಡಿಗಿಳಿದು ನೋಡಿದೆ. ಬುಶ್ ಹೊಸತು. ಬೋಲ್ಟಿನ ಮೇಲೆ, ಬಿಗಿದದ್ದರ ಗುರುತಿಗೆ ಥಾಣೆಯವರು ಹಾಕುವ ಹಳದಿ ಬಣ್ಣದ ಗೀಟು ಅಳಿಸದೆ ಇತ್ತು. ಅದನ್ನೂ ಬಿಚ್ಚಿ ನೋಡುವ ಎಂದು ಉದ್ದನೆಯ ಸ್ಪ್ಯಾನರ್ ಕೊಟ್ಟು ಎಳೆದೆ.

ಬೋಲ್ಟು ಟಣ್ಣೆಂದು ಬಿಟ್ಟಿತು. ಅದರ ಜೊತೆಗೆ ಗಾಡಿಯ ಹಿಂಭಾಗ ನನ್ನ ತಲೆಯ ಮೇಲೆ ನಿಧಾನಕ್ಕೆ, ಒಂದು ಬೆರಳಿನಷ್ಟು, ಕೆಳಗೆ ಕೂತಿತು.

ಗುಂಡಿಯಲ್ಲಿ ಒಬ್ಬನೇ ನಿಂತು ಗಟ್ಟಿಯಾಗಿ ನಕ್ಕೆ. ಮಿಸ್ತ್ರಿ ಬಗ್ಗಿ ನೋಡಿ, ಏನಾಯಿತೆಂದು ಕೇಳಿದರು. ಏನಾಯಿತೆಂದು ಹೇಗೆ ಹೇಳುವುದು? ಬುಶ್ಶನ್ನು ಗಾಳಿಯಲ್ಲಿ ಬಿಗಿದಿದ್ದರು. ಲಿಫ್ಟಿನಲ್ಲಿ ಗಾಡಿಯನ್ನು ಎತ್ತಿ, ಚಕ್ರಗಳು ಜೋತಾಡುತ್ತಿರುವಾಗಲೇ ಬೋಲ್ಟು ಬಿಗಿಯುವ ಗನ್ ಹಿಡಿದು ಬರ್ರೆಂದು ಕಡೇ ಬಿಗಿತ ಕೊಟ್ಟು ಕೆಳಗಿಳಿಸಿದ್ದರು. ಜೋತಾಡುವ ಸ್ಥಿತಿಯಲ್ಲಿ ಹಿಡಿದ ರಬ್ಬರ್, ಗಾಡಿ ನೆಲಕ್ಕೆ ಬಂದ ಕ್ಷಣದಿಂದ ತಿರುಚಿಕೊಂಡೇ ಇರುತ್ತದೆ. ಭಾರ ಹೇರಿದಷ್ಟೂ ಅದು ಸೆಟೆದುಕೊಳ್ಳುತ್ತದೆ. ತಗ್ಗು ಬಂದರೆ ಒದೆಯದೆ ಇನ್ನೇನು ಮಾಡೀತು?

ನಗು ನಿಂತ ಮೇಲೆ ಸಿಟ್ಟು ಬಂತು, ಹಿಂದಿಗಿಂತ ಹೆಚ್ಚಾಗಿ. ಏಕೆಂದರೆ ಈ ಪಾಠವನ್ನು ನನಗೆ ಹೇಳಿಕೊಟ್ಟವನೇ ಅವನು. ಇಬ್ಬರೂ ಇಂಥದ್ದೇ ಒಂದು ಗುಂಡಿಯಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ನಾನೊಮ್ಮೆ ಜಾಕಿನ ಮೇಲೇ ಬುಶ್ ಬಿಗಿಯಲು ಹೋದಾಗ ಕೈಗೆ ಹೊಡೆದು ಸ್ಪ್ಯಾನರ್ ಕಿತ್ತುಕೊಂಡಿದ್ದ. "ಗಾಡಿ ತನ್ನ ಕಾಲ ಮೇಲೆ ನಿಂತ ಮೇಲೆ ಕಡೇ ಬಿಗಿತ ಮಾರಾಯ. ನೇತು ಹಾಕಿ ಬಿಗಿದ್ರೆ ರಬ್ಬರು ಜೀವಮಾನ ಇಡೀ ತಿರುಚಿಕೊಂಡೇ ಇರ್ತದೆ," ಎಂದು ಬೈದು, ಇಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಭಾರ ಕೊಟ್ಟು ಬಿಗಿಸಿದ್ದ. ಈಗ ಅವನಿಗೆ ಲಿಫ್ಟುಗಳು ಬಂದಿವೆ, ಗಾಜಿನ ಕೋಣೆ ಬಂದಿದೆ, ದಿನಕ್ಕೆ ಹೊರಬೀಳಬೇಕಾದ ಗಾಡಿಗಳು ಬಹಳ. ಗೊತ್ತಿದ್ದೂ ಬಿಟ್ಟಿದ್ದಾನೆ. ಬಿಟ್ಟದ್ದರ ಫಲವನ್ನು ಒಬ್ಬ ಹೆಂಗಸಿನ ಉದ್ದಿನಬೇಳೆಯ ಮೇಲೆ ಹಾಕಿದ್ದಾನೆ.

ಬುಶ್ಶಿನ ಅಂಚು ಆಗಲೇ ಹರಿಯತೊಡಗಿತ್ತು. ಎರಡೂ ಬದಿಯ ಬುಶ್ಶುಗಳನ್ನು ಪ್ರೆಸ್ಸಿನಲ್ಲಿ ಹೊರತಳ್ಳಿ, ಹೊಸವನ್ನು ಸೋಪಿನ ನೀರು ಸವರಿ ಕೂರಿಸಿದೆವು. ಬೋಲ್ಟುಗಳನ್ನು ಬಿಗಿಯದೆ ಕೈಯಲ್ಲಿ ತಿರುಗಿಸಿ ಬಿಟ್ಟೆ. ಈ ಗಾಡಿ ಖಾಲಿ ಓಡುವುದು ಅಪರೂಪ. ಹಾಗಾಗಿ ಬಿಗಿಯುವಾಗಲೂ ಅದರ ಮೇಲೆ ದಿನದ ಭಾರ ಇರಬೇಕು ಎಂದು ತೀರ್ಮಾನಿಸಿದೆ. ಅಕ್ಕನಿಗೆ ಹೇಳಿದೆ. ಅವರು ಇಡ್ಲಿ ಅಕ್ಕಿಯ ಮೂಟೆಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದರು. ಡಬ್ಬಗಳಷ್ಟೇ ತೂಕ ಆಗುವ ಹಾಗೆ ಮೂಟೆಗಳನ್ನು ಹಿಂದೆ ಜೋಡಿಸಿ, ಅಕ್ಕನನ್ನು ಸ್ಟೇರಿಂಗಿನ ಮುಂದೆ ಕೂರಿಸಿದೆವು. ಗಾಡಿಯನ್ನು ನಾಲ್ಕು ಸಲ ಅಮುಕಿ ಬಿಟ್ಟು, ಅದು ತನ್ನಷ್ಟಕ್ಕೆ ಕೂತ ಮೇಲೆ ಗುಂಡಿಗಿಳಿದು, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿದೆ.

ಮಾರನೆಯ ಬೆಳಿಗ್ಗೆ ಉಬ್ಬಿದ ಹಿಟ್ಟಿನ ಡಬ್ಬಗಳನ್ನು ಹೇರಿಕೊಂಡು ಅಕ್ಕನ ಜೊತೆ ಶಿಳಫಾಟಾದವರೆಗೆ ಹೋದೆ. ಮೆಟ್ರೋ ಕೆಲಸಕ್ಕೆ ಅಗೆದು ಮುಚ್ಚಿ ಅಗೆದ ರಸ್ತೆ. ಗಾಡಿ ತಗ್ಗಿಗೆ ಇಳಿಯಿತು, ಏರಿತು, ಅಷ್ಟೇ. ಬದಿಗೆ ನಿಲ್ಲಿಸಿ ಕಡ್ಡಿ ಇಳಿಸಿದೆ. ಗುರುತು ಇದ್ದಲ್ಲೇ ಇತ್ತು. ಅಕ್ಕ ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಇನ್ನೊಂದು ಡಬ್ಬಕ್ಕೆ ಇಳಿಸಿ ನೋಡಿದರು. ಅವರ ಕಣ್ಣು ತುಂಬಿ ಬಂತು.

ಕೆಲಸ ಅಲ್ಲಿಗೆ ಮುಗಿದಿತ್ತು. ಒಳ್ಳೆಯ ಮನುಷ್ಯನಾದರೆ ಬಿಲ್ಲು ಬರೆದು ಸುಮ್ಮನಿರುತ್ತಿದ್ದ. ನನಗೆ ಸುಮ್ಮನಿರಲು ಮನಸ್ಸಿರಲಿಲ್ಲ.

ಸಂಘದ ವಾರ್ಷಿಕ ಪೂಜೆ ಹತ್ತಿರ ಬಂದಿತ್ತು. ಡೊಂಬಿವಲಿಯ ಅದೇ ಹಾಲು. ಬೆಳಗಿನ ತಿಂಡಿಗೆ ಇಡ್ಲಿ, ಹಿಟ್ಟು ಅಕ್ಕನದು, ಅಡುಗೆಮನೆಯ ಉಸ್ತುವಾರಿ ಕಲ್ಯಾಣದ ಹಿರಿಯರದು. ಆ ದಿನದ ಇಡ್ಲಿ ನೋಡಿಯೇ ಮುಂದಿನ ಮಾತು ಎಂದು ಅವರು ಅಕ್ಕನಿಗೆ ಹೇಳಿದ್ದರು. ಥಾಣೆಯವನು ಸಮಿತಿಯ ಸದಸ್ಯ. ಅವನು ಬಾರದೆ ಇರುವುದಿಲ್ಲ.

"ಅಕ್ಕ, ಆ ದಿನ ಒಂದು ಡಬ್ಬ ಅವನ ಗಾಡಿಯಲ್ಲಿ ಹೋಗ್ಲಿ," ಎಂದೆ, ಅವರ ನೆಲಮಾಳಿಗೆಯಲ್ಲಿ ನಿಂತು. "ಅವನ ಸ್ವಂತ ಗಾಡಿಯ ಕೆಲಸ ಆಗುದೂ ಅದೇ ಲಿಫ್ಟಿನಲ್ಲಲ್ವಾ?"

ಅಕ್ಕ ಕೈಯಲ್ಲಿದ್ದ ಡಬ್ಬ ಕೆಳಗಿಟ್ಟರು. "ಅಂದ್ರೆ ನಿಮ್ಮ ಹಠಕ್ಕೆ ನನ್ನ ಒಂದು ಡಬ್ಬ ಹಿಟ್ಟು ಹಾಳಾಗ್ಬೇಕು. ಅದೂ ಕಲ್ಯಾಣದವರು ಕೂತು ತೂಗುವ ದಿನ. ಅವನ ಗಾಡಿ ಸರಿ ಇದ್ರೆ?"

"ಸರಿ ಇದ್ರೆ ನಾನು ಮೂರ್ಖ. ನಿಮ್ಮ ಹಿಟ್ಟಿಗಂತೂ ಎಂತದೂ ಆಗುದಿಲ್ಲ."

ಅವರು ಬೇಡ ಎನ್ನುತ್ತಾರೆ ಎಂದುಕೊಂಡೆ. ಅವರು ಗ್ರೈಂಡರಿನ ಕಡೆ ತಿರುಗಿ, "ಸೋಡಾ ಹಾಕ್ತೇನೆ ಅಂದನಲ್ಲ ಅವ," ಎಂದು ತಮ್ಮಷ್ಟಕ್ಕೇ ಹೇಳಿದರು. ಆಮೇಲೆ, "ಕಲ್ಯಾಣದವರನ್ನು ಹಿಂದಿನ ದಿನವೇ ಕರೀತೇನೆ. ಅವರ ಕಣ್ಣೆದುರೇ ರುಬ್ಬುದು. ಒಂದೇ ಗ್ರೈಂಡರಿಂದ ಎರಡೂ ಡಬ್ಬಕ್ಕೆ ಅವರೇ ಹೊಯ್ಯಲಿ. ಮತ್ತೆ ಯಾರೂ ಬಾಯಿ ತೆಗೀಲಿಕ್ಕಿಲ್ಲ," ಎಂದರು. ಸಿಟ್ಟಿನಲ್ಲಿ ಅವರು ನನಗಿಂತ ಒಂದು ಕೈ ಮೇಲೆ ಎಂದು ಆಗ ಗೊತ್ತಾಯಿತು.

ಹಾಗೆಯೇ ಆಯಿತು. ಕಲ್ಯಾಣದ ಹಿರಿಯರು ಸಂಜೆ ಬಂದು, ಉದ್ದು ಮೂಸಿ, ಅಕ್ಕಿ ಅಗಿದು, ಎರಡು ಡಬ್ಬಗಳಿಗೆ ತಾವೇ ಹಿಟ್ಟು ತುಂಬಿಸಿ ಹೋದರು. ಪೂಜೆಯ ದಿನ ಬೆಳಿಗ್ಗೆ ಥಾಣೆಯವನು ಗಂಜಿ ಹಾಕಿದ ಬಿಳಿ ಪಂಚೆಯಲ್ಲಿ ಬಂದಿಳಿದ. ಸಮಿತಿಯ ಕೆಲಸ ಎಂದರೆ ಅವನು ನಾಲ್ಕು ಜನಕ್ಕೆ ಕಾಣುವಂತೆ ಮಾಡುವವನು. ಅಕ್ಕ ಫೋನ್ ಮಾಡಿದ ಕೂಡಲೇ ಒಪ್ಪಿದ್ದ. ನಾನು ಗ್ರೈಂಡರುಗಳ ಹಿಂದೆ ನಿಂತಿದ್ದೆ.

"ನನ್ನ ಗಾಡಿಯಲ್ಲಿ ನಿಮ್ಮ ಹಿಟ್ಟು ನಿದ್ರೆ ಮಾಡ್ಕೊಂಡು ಬರ್ತದೆ ಅಕ್ಕ," ಎನ್ನುವುದು ಕೇಳಿಸಿತು. "ಮೊನ್ನೆಯಷ್ಟೇ ಬುಶ್ ಎಲ್ಲ ಹೊಸತು ಹಾಕಿಸಿದ್ದೇನೆ."

ಅವನ ಗಾಡಿ ಬೀದಿಯ ತುದಿಯ ಸ್ಪೀಡ್ ಬ್ರೇಕರ್ ದಾಟುವಾಗ ಡಬ್ಬದ ಮುಚ್ಚಳ ಢಣ್ ಎಂದದ್ದು ನಾವಿದ್ದಲ್ಲಿಗೆ ಕೇಳಿಸಿತು. ನನ್ನ ಜೀವಕ್ಕೆ ಹಾಯೆನಿಸಿತು. ಅಕ್ಕ ಅವನ ಹಿಂದೆಯೇ ನಮ್ಮ ಗಾಡಿ ಬಿಟ್ಟರು. ಡೊಂಬಿವಲಿ ಮುಟ್ಟುವವರೆಗೆ ಅವನ ಗಾಡಿಯ ಹಿಂಭಾಗ ಪ್ರತಿ ತಗ್ಗಿನಲ್ಲೂ ಕುಣಿಯುವುದನ್ನು ನೋಡಿಕೊಂಡು ಹೋದೆವು. ಇಬ್ಬರೂ ನಗುತ್ತಿದ್ದೆವು.

ಎರಡು ಡಬ್ಬಗಳ ಹಿಟ್ಟು ಎರಡು ಬೇರೆ ಬೇರೆ ಪಾತ್ರೆಯಲ್ಲಿ ಬೆಂದಿತು. ಜನ ತಿಂಡಿಗೆ ಸಾಲಾಗಿ ಕೂತಿದ್ದರು. ಕಲ್ಯಾಣದ ಹಿರಿಯರು ಎರಡು ತಟ್ಟೆ ಹಿಡಿದು ಪಂಕ್ತಿಯ ನಡುವೆ ಬಂದು, ಥಾಣೆಯವನ ಎದುರು ನಿಂತರು. ಒಂದರಲ್ಲಿ ಉಬ್ಬಿದ ಇಡ್ಲಿ, ಇನ್ನೊಂದರಲ್ಲಿ ಚಪ್ಪಟೆ. ಹೆಬ್ಬೆರಳಿನಲ್ಲಿ ಒಂದೊಂದನ್ನೂ ಒತ್ತಿದರು.

"ಇದು ಅಕ್ಕನ ಗಾಡಿಯಲ್ಲಿ ಬಂದದ್ದು. ಇದು ನಿಮ್ಮ ಗಾಡಿಯಲ್ಲಿ ಬಂದದ್ದು. ಇದೆಂತ ಇದು?"

ಅವನು ನಕ್ಕ. "ಗಾಡಿಗೂ ಇಡ್ಲಿಗೂ ಎಂತ ಸಂಬಂಧ ಮಾರಾಯ್ರೆ? ಒಂದಕ್ಕೆ ಸೋಡಾ ಬಿದ್ದಿರ್ಬೇಕು."

"ರುಬ್ಬುವಾಗ ನಾನೇ ನಿಂತಿದ್ದೆ. ಡಬ್ಬಕ್ಕೆ ಹೊಯ್ದವನೂ ನಾನೇ."

ಸಾಂಬಾರಿನ ಬಕೆಟ್ ಹಿಡಿದವರು ಅಲ್ಲೇ ನಿಂತುಬಿಟ್ಟರು. ಹೇಳಲು ಕಾಯುತ್ತಿದ್ದ ನಾನು ಎದುರಿನ ಸಾಲಿನಿಂದ ಎದ್ದೆ.

"ನಿಮ್ಮ ಗಾಡಿಯ ಬುಶ್ ಗಾಳಿಯಲ್ಲಿ ಬಿಗಿದದ್ದು," ಎಂದೆ. "ಅಕ್ಕನ ಗಾಡಿಯದ್ದೂ ಹಾಗೇ ಇತ್ತು. ನಾನು ನೆಲದ ಮೇಲೆ ಬಿಗಿದೆ."

ಆ ಹಾಲಿನಲ್ಲಿ ಅದರ ಅರ್ಥ ಪೂರ್ತಿಯಾಗಿ ತಿಳಿದದ್ದು ಅವನೊಬ್ಬನಿಗೆ. ಮುಖದಲ್ಲಿದ್ದ ನಗು ಹಾಗೇ ಉಳಿದು, ಅದರ ಹಿಂದಿನ ಬಣ್ಣ ಇಳಿಯಿತು. ತಗ್ಗಿದ ದನಿಯಲ್ಲಿ, "ಇಲ್ಲಿ ಬೇಡ ಮಾರಾಯ. ತಿಂಡಿ ಆಗ್ಲಿ, ಹೊರಗೆ ಮಾತಾಡುವ," ಎಂದ.

"ಪಂಕ್ತಿಯಲ್ಲಿ ಹೇಳಿದ್ದು ಪಂಕ್ತಿಯಲ್ಲೇ ಇತ್ಯರ್ಥ ಆಗ್ಲಿ," ಎಂದೆ. ಅಣ್ಣ ಎನ್ನಲಿಲ್ಲ. "ನಾನು ಹಳೇ ಶಾಕರಿಗೆ ಬಣ್ಣ ಹೊಡೆದು ಹಾಕಿದ್ದು ನೀವು ನೋಡಿದ್ದೀರಾ?"

ಅವನು ತಟ್ಟೆ ನೋಡಿದ. "ಇಲ್ಲ."

"ಆ ತುದಿಗೆ ಕೇಳ್ಬೇಕು."

"ಇಲ್ಲ ಮಾರಾಯ! ನೀನು ಹಾಕಿರ್ಲಿಲ್ಲ. ನಾನೇ ಹಾಗೆ ಹೇಳಿದ್ದು."

"ಮತ್ತೆ ನನ್ನ ಸೋಡಾ?" ಅಡುಗೆಮನೆಯ ಬಾಗಿಲಿನಿಂದ ಅಕ್ಕ ಕೇಳಿದರು.

"ಹಿಟ್ಟೂ ಸರಿ ಉಂಟು ಅಕ್ಕ," ಎಂದ.

ಕಲ್ಯಾಣದ ಹಿರಿಯರು ಅಕ್ಕನ ಕಡೆ ನೋಡಿ, ನಾಳೆಯಿಂದ ಮೊದಲಿನ ಹಾಗೆಯೇ ಡಬ್ಬ ಕಳಿಸಿ ಎಂದರು. ನನ್ನ ಪಕ್ಕದಲ್ಲಿ ಕೂತವರೊಬ್ಬರು, ತಮ್ಮ ಗಾಡಿಯ ಮುಂದಿನ ಚಕ್ರ ಕಟಕಟ ಎನ್ನುತ್ತದೆ, ಒಮ್ಮೆ ನೋಡಬಹುದೇ ಎಂದು ಕೇಳಿದರು. ಎಷ್ಟು ವರ್ಷ ಆ ಮಾತಿಗೆ ಕಾದಿದ್ದೆ! ಹೊಟ್ಟೆ ತುಂಬ ಇಡ್ಲಿ ತಿಂದೆ. ಆದರೂ ನಿಜ ಹೇಳಬೇಕೆಂದರೆ ನನಗೆ ಸಾಕಾಗಲಿಲ್ಲ. ಇನ್ನೂ ಏನೋ ಬೇಕಿತ್ತು.

ಅದನ್ನು ಕಲ್ಯಾಣದ ಹಿರಿಯರೇ ಕೊಟ್ಟರು. ನಮ್ಮವರ ಗಾಡಿಗಳೆಲ್ಲ ಥಾಣೆಯಲ್ಲೇ ರಿಪೇರಿಯಾದವು, ಅವುಗಳ ಗತಿಯೇನು ಎಂದು ಕೈ ತೊಳೆಯುವಲ್ಲಿ ಮಾತು ಬಂತು. ತಾನೇ ಎಲ್ಲವನ್ನೂ ಸರಿ ಮಾಡಿಸಿ ಕೊಡುತ್ತೇನೆ ಎಂದ ಅವನು. "ನೀವು ಹೇಳಿದ್ರೆ ಸಾಲ್ದು," ಎಂದರು ಹಿರಿಯರು. "ಇವರು ಬಂದು ನಿಮ್ಮ ಕೆಲಸದವರಿಗೆ ತೋರಿಸ್ಲಿ. ನನ್ನ ಗಾಡಿ ತರ್ತೇನೆ, ನನ್ನೆದುರೇ ಆಗ್ಲಿ." ಬರುತ್ತೇನೆ ಎಂದೆ. ಒಂದೇ ಷರತ್ತು ಹಾಕಿದೆ: ತೋರಿಸುವಾಗ ಮಾಲೀಕರೂ ಕೆಲಸದವರ ಸಾಲಿನಲ್ಲಿ ನಿಂತು ನೋಡಬೇಕು.

ಆ ವಾರವೇ ಘೋಡ್‌ಬಂದರ್ ರಸ್ತೆಯ ಆ ಗ್ಯಾರೇಜಿನೊಳಗೆ ಮೊದಲ ಸಲ ಕಾಲಿಟ್ಟೆ. ಕಲ್ಯಾಣದ ಹಿರಿಯರು ಗಾಜಿನ ಕೋಣೆಗೆ ಹೋಗದೆ ಕುರ್ಚಿ ಹಾಕಿಸಿಕೊಂಡು ಲಿಫ್ಟಿನ ಪಕ್ಕದಲ್ಲೇ ಕೂತರು. ಮೆಕ್ಯಾನಿಕ್ಕುಗಳು ಸಾಲಾಗಿ ನಿಂತರು. ಸಾಲಿನ ಕೊನೆಯಲ್ಲಿ, ಕೈ ಹಿಂದೆ ಕಟ್ಟಿಕೊಂಡು, ಅವನು.

ಲಿಫ್ಟಿನಲ್ಲಿದ್ದ ಹಿರಿಯರ ಗಾಡಿಯ ಬೋಲ್ಟುಗಳನ್ನು ಸಡಿಲಿಸಿ ಕೆಳಗಿಳಿಸಿದೆ. ಇಬ್ಬರನ್ನು ಹಿಂದೆ ಕೂರಿಸಿದೆ. ಗಾಡಿ ತನ್ನ ಕಾಲ ಮೇಲೆ ನಿಂತ ಮೇಲೆಯೇ ಕಡೇ ಬಿಗಿತ ಎಂದು ಹಿಂದಿಯಲ್ಲಿ ಹೇಳಿದೆ. ನೇತು ಹಾಕಿ ಬಿಗಿದರೆ ರಬ್ಬರು ಜೀವಮಾನವಿಡೀ ತಿರುಚಿಕೊಂಡೇ ಇರುತ್ತದೆ ಎಂದೂ ಹೇಳಿದೆ. ಅಂದು ಅವನು ನನಗೆ ಹೇಳಿದ್ದೇ, ಭಾಷೆಯೊಂದು ಬಿಟ್ಟು ಏನೂ ಆಚೀಚೆ ಮಾಡಲಿಲ್ಲ. ಹೇಳುವಾಗ ಅವನ ಮುಖವನ್ನೇ ನೋಡುತ್ತಿದ್ದೆ. ಅವನ ತುಟಿಗಳು ಅಲುಗಿದವು.

ಸಾಲಿನಲ್ಲಿದ್ದ ಹಿರಿಯ ಮೆಕ್ಯಾನಿಕ್ಕೊಬ್ಬ ತುಂಬ ಮೆಚ್ಚಿಕೊಂಡು ಕೇಳಿದ: "ಯೇ ಆಪ್‌ಕೋ ಕಿಸ್‌ನೇ ಸಿಖಾಯಾ, ಸರ್?" ನಿಮಗೆ ಇದನ್ನು ಯಾರು ಕಲಿಸಿದ್ದು ಎಂದು.

ಅವನು ತಲೆಯೆತ್ತಿ ನನ್ನನ್ನು ನೋಡಿದ. ಕಲ್ಯಾಣದ ಹಿರಿಯರೂ ನೋಡುತ್ತಿದ್ದರು.

"ಯಾರೂ ಕಲಿಸಲಿಲ್ಲ," ಎಂದೆ ಹಿಂದಿಯಲ್ಲೇ. "ಗುಂಡಿಯಲ್ಲಿ ನಿಂತು ನಾನೇ ಕಂಡುಕೊಂಡದ್ದು."

ಮೆಕ್ಯಾನಿಕ್ಕುಗಳೆಲ್ಲ ಹೌದೆಂದು ತಲೆಯಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು ಅವನೂ ಆಡಿಸಿದ.